ಕೆಜಿ ಲೆಕ್ಕದಲ್ಲಿ ಗೂಬೆ ಕೊಂಡಿದ್ದು

ಬೆಂಗಳೂರಿನ ಒಂದು ಗಿಫ್ಟ್ ಕಂಪನಿಯಲ್ಲಿ ನನ್ನದು ಖರೀದಿ ಕೆಲಸ. ದೀಪಾವಳಿಗೆ ಆಫೀಸುಗಳಲ್ಲಿ ಕೊಡುತ್ತಾರಲ್ಲ ಹಿತ್ತಾಳೆ ಸಾಮಾನು, ಅದನ್ನು ಊರೂರು ಸುತ್ತಿ ತರುವವರಲ್ಲಿ ನಾನೂ ಒಬ್ಬಳು. ಒಂದು ವರ್ಷ ಬಂಗಾಳಿ ಗಿರಾಕಿಯೊಬ್ಬರು ಡೋಕ್ರಾ ಗೂಬೆಯೇ ಬೇಕು ಅಂದರು. ಡೋಕ್ರಾ ಅಂದರೆ ಮೇಣದ ಮಾದರಿ ಮಾಡಿ, ಅದರಿಂದ ಹಿತ್ತಾಳೆ ಎರಕ ತೆಗೆಯುವ ಕರಕುಶಲ. 120 ಗೂಬೆ. ನಮ್ಮ ಮೇಲಧಿಕಾರಿಗೆ ಗಾಬರಿ, ಹಬ್ಬದ ದಿನ ಯಾರಾದರೂ ಗೂಬೆ ಕೊಡ್ತಾರಾ ಅಂತ. ಬಂಗಾಳದಲ್ಲಿ ಗೂಬೆ ಲಕ್ಷ್ಮಿಯ ವಾಹನ ಸಾರ್, ಅಂತ ಸಮಾಧಾನ ಮಾಡಿದೆ.

ಪಶ್ಚಿಮ ಬಂಗಾಳದಲ್ಲಿ ಡೋಕ್ರಾಗೆ ಎರಡು ಊರು ಹೆಸರುವಾಸಿ. ಬಾಂಕುರಾ ಪಟ್ಟಣದ ಪಕ್ಕದ ಬಿಕ್ನಾ, ಬರ್ಧಮಾನ್ ಕಡೆಯ ದರಿಯಾಪುರ. 2018ರಲ್ಲಿ ಬಂಗಾಳದ ಡೋಕ್ರಾಗೆ ಜಿಐ ಟ್ಯಾಗ್, ಅಂದರೆ ಆ ಪ್ರದೇಶದ್ದೇ ವಸ್ತು ಅನ್ನುವ ಸರ್ಕಾರಿ ಗುರುತು, ಕೂಡ ಸಿಕ್ಕಿದೆ. ನಾನು ಹೋಗಿದ್ದು ಬಿಕ್ನಾಕ್ಕೆ. ಸ್ಯಾಂಪಲ್ ಗೂಬೆ ಒಂದು ಅಂಗೈಯಗಲ, 280 ಗ್ರಾಂ. ಮೈತುಂಬಾ ಶಾವಿಗೆ ಎಳೆ ಸುತ್ತಿದ ಹಾಗೆ ನವಿರು ಗೆರೆ, ಎರಡು ಉಂಡೆ ಕಣ್ಣು. ನೋಡಿದ ತಕ್ಷಣ ಒಪ್ಪಿದೆ. ವಾಪಸ್ ಬಂದು ಆರ್ಡರ್ ಬರೆದೆ. ಕಾರ್ಖಾನೆಯ ಹಿತ್ತಾಳೆ ಸಾಮಾನಿಗೆ ಬರೆಯುವ ಹಾಗೇ, ಕೆಜಿಗೆ ಇಷ್ಟು ಅಂತ.

ಮಾಲು ಬಂತು. ಒಂದೊಂದು ಗೂಬೆಯೂ 400 ಗ್ರಾಂ ದಾಟಿತ್ತು. ಎಳೆಗಳು ಚಕ್ಕುಲಿಯಷ್ಟು ದಪ್ಪ. ಬಿಲ್ಲು ನಾನು ಅಂದಾಜು ಮಾಡಿದ್ದಕ್ಕಿಂತ ಜಾಸ್ತಿ, ಅಂದ ಮಾತ್ರ ಕಮ್ಮಿ. ತೂಕ ಏರಿಸಿ ದುಡ್ಡು ಹೊಡೆಯುತ್ತಿದ್ದಾರೆ ಅಂತ ಮೀಟಿಂಗಿನಲ್ಲಿ ಕುಶಲಕರ್ಮಿಯ ಮೇಲೆ ಗೂಬೆ ಕೂರಿಸಿದೆ. ಅಕ್ಷರಶಃ.

ಜಗಳಕ್ಕೆ ಅಂತಲೇ ಮತ್ತೆ ಬಿಕ್ನಾಗೆ ಹೋದೆ. ಆ ಕುಶಲಕರ್ಮಿ, ಬಂಗಾಳಿಯಲ್ಲಿ ದಾದಾ ಅಂದರೆ ಅಣ್ಣ, ಜಗಳ ಆಡಲಿಲ್ಲ. "ಕೂತ್ಕೊಳ್ಳಿ ದಿದಿ, ಕೆಲಸ ನೋಡಿ, ಆಮೇಲೆ ಬೈಯಿರಿ" ಅಂದರು. ಎರಡು ದಿನ ಕೂತೆ.

ಮೊದಲು ಮಣ್ಣಿನ ಗೂಬೆ. ಇದು ಒಳಗಿನ ತಿರುಳು, ಒಣಗಿ ಗಟ್ಟಿಯಾಗಬೇಕು. ಅದರ ಮೇಲೆ ಮೇಣ. ಇಲ್ಲಿ ಜೇನುಮೇಣಕ್ಕಿಂತ ಹೆಚ್ಚಾಗಿ ಬಳಸುವುದು ಧುನಾ, ಅಂದರೆ ಸಾಲ ಮರದ ರಾಳ. ಸಾಸಿವೆ ಎಣ್ಣೆ ಹಾಕಿ ಕಾಯಿಸಿ, ನೀರಿಗೆ ಬಿಟ್ಟು, ಕಣಕದ ಹಾಗೆ ನಾದುತ್ತಾರೆ. ಆಮೇಲೆ ಎಳೆ ತೆಗೆಯಬೇಕು. ದಾದಾನ ಮನೆಯಾಕೆ, ನನಗೆ ಬೌದಿ ಅಂದರೆ ಅತ್ತಿಗೆ, ಒದ್ದೆ ಹಲಗೆಯ ಮೇಲೆ ಅಂಗೈಯಲ್ಲಿ ಹೊಸೆದು ಎಳೆ ಮಾಡುತ್ತಿದ್ದರು. ಒಂದರ ಪಕ್ಕ ಒಂದು, ನಡುವೆ ಕೂದಲೆಳೆಯೂ ಜಾಗ ಬಿಡದೆ ಸುತ್ತುವುದು. ನಾನೂ ಹೊಸೆದು ನೋಡಿದೆ. ಒಂದು ಕಡೆ ದಪ್ಪ, ಒಂದು ಕಡೆ ತುಂಡು. ಬೌದಿ ನಕ್ಕು ಅದನ್ನು ಮತ್ತೆ ಉಂಡೆ ಮಾಡಿದರು.

ಇದರ ಮೇಲೆ ನಯವಾದ ಮಣ್ಣು, ಅದರ ಮೇಲೆ ಹೊಟ್ಟು ಬೆರೆಸಿದ ಒರಟು ಮಣ್ಣು. ಒಂದು ತೂತು ಬಿಟ್ಟಿರುತ್ತಾರೆ. ಆ ತೂತಿಗೆ ಮಣ್ಣಿನ ಬಟ್ಟಲು ಜೋಡಿಸಿ, ಒಳಗೆ ಗುಜರಿ ಹಿತ್ತಾಳೆಯ ಚೂರು ತುಂಬಿ, ಎಲ್ಲವನ್ನೂ ಸೇರಿಸಿ ಮೆತ್ತಿಬಿಡುತ್ತಾರೆ. ನೋಡಲು ಒಂದು ತೆಂಗಿನಕಾಯಿ. ಕುಲುಮೆಯಲ್ಲಿ ಬಟ್ಟಲು ಕೆಳಗೆ, ಅಚ್ಚು ಮೇಲೆ. ಮೇಣ ಉರಿದು ಹೋಗುತ್ತೆ, ಹಿತ್ತಾಳೆ ಕರಗುತ್ತೆ. ಬೆಂಕಿಯ ಬಣ್ಣ ಹಸಿರಿಗೆ ತಿರುಗಿದ್ದೇ ದಾದಾ ಇಕ್ಕಳದಲ್ಲಿ ಎತ್ತಿ ತಲೆಕೆಳಗು ಮಾಡಿದರು. ಅಷ್ಟೇ. ಲೋಹ ಹೊಯ್ಯುವುದನ್ನು ನೋಡೋಣ ಅಂತ ಮೊಬೈಲ್ ಹಿಡಿದು ನಿಂತಿದ್ದ ನನಗೆ ಏನೂ ಸಿಗಲಿಲ್ಲ. ಎಲ್ಲಾ ಒಳಗೇ ನಡೆದುಹೋಗಿತ್ತು.

ಆರಿದ ಮೇಲೆ ಅಚ್ಚು ಒಡೆಯುತ್ತಾರೆ. ಹಾಗಾಗಿ ಒಂದು ಅಚ್ಚಿಗೆ ಒಂದೇ ಗೂಬೆ.

ಈಗ ನನ್ನ ತಪ್ಪಿಗೆ ಬರೋಣ. ಒಳಗೆ ಮಣ್ಣಿನ ತಿರುಳು ಇದೆಯಲ್ಲ, ಲೋಹ ನಿಲ್ಲುವುದು ಮೇಣ ಇದ್ದ ಜಾಗದಲ್ಲಿ ಮಾತ್ರ. ಮೇಣ ಎಷ್ಟು ದಪ್ಪವೋ ಹಿತ್ತಾಳೆ ಅಷ್ಟು ದಪ್ಪ. ಬಟ್ಟಲು ಮುಚ್ಚುವ ಮೊದಲೇ ಹಿತ್ತಾಳೆ ಎಷ್ಟು ಬೇಕು ಅಂತ ಗೊತ್ತಿರಬೇಕು, ಆಮೇಲೆ ಸೇರಿಸಲು ಆಗುವುದಿಲ್ಲ. ಮೇಣದ ತೂಕದ ಎಂಟೊಂಬತ್ತು ಪಟ್ಟು, ಮೇಲೆ ಸ್ವಲ್ಪ ಕೊಸರು. ಕೈಯಲ್ಲಿ 10 ಗ್ರಾಂ ಮೇಣ ಹೆಚ್ಚಾದರೆ ತಕ್ಕಡಿಯಲ್ಲಿ 80-90 ಗ್ರಾಂ ಹೆಚ್ಚು.

ತೆಳು ಎಳೆ ಅಂದರೆ ಹೆಚ್ಚು ಸುತ್ತು, ಹೆಚ್ಚು ಹೊತ್ತು, ಕಮ್ಮಿ ತೂಕ. ದಪ್ಪ ಎಳೆ ಬೇಗ ಮುಗಿಯುತ್ತೆ, ತೂಕವೂ ಜಾಸ್ತಿ. ಕೆಜಿ ರೇಟು ಬರೆದು ನಾನು ದಪ್ಪ ಎಳೆಗೇ ದುಡ್ಡು ಕಟ್ಟಿದ್ದೆ! "ದಿದಿ, ನೀವು ತೂಕ ಕೇಳಿದ್ರಿ, ನಾವು ತೂಕ ಕೊಟ್ವಿ" ಅಂದರು ದಾದಾ. ವ್ಯಂಗ್ಯ ಇರಲಿಲ್ಲ. ಅವರು ನಿಜವಾಗಿಯೂ ನನಗೆ ಭಾರದ ಗೂಬೆಯೇ ಬೇಕು ಅಂದುಕೊಂಡಿದ್ದರು.

ದೇವಸ್ಥಾನದ ಗಟ್ಟಿ ಎರಕದ ವಿಗ್ರಹಕ್ಕೆ ಕೆಜಿ ಲೆಕ್ಕ ನಡೆಯುತ್ತೆ. ಇಂಥ ಟೊಳ್ಳು ಎರಕಕ್ಕೆ ನಡೆಯಲ್ಲ. ನಮ್ಮ ಬ್ರೋಷರಿನಲ್ಲಿ ಮೊಹೆಂಜೊದಾರೊ ನರ್ತಕಿಯ ಫೋಟೋ ಹಾಕಿ 4,500 ವರ್ಷದ ವಿದ್ಯೆ ಅಂತ ಬರೆದಿದ್ದವಳೂ ನಾನೇ, ರೇಟು ಗುಜರಿ ಅಂಗಡಿಯ ಥರ ಹಾಕಿದವಳೂ ನಾನೇ.

ಮುಂದಿನ ಆರ್ಡರ್ ಪೀಸ್ ಲೆಕ್ಕದಲ್ಲಿ ಕೊಟ್ಟೆ. ಸ್ಯಾಂಪಲ್ ಎಳೆಯ ದಪ್ಪವೇ ಅಳತೆ. ಇದರಲ್ಲೂ ಒಂದು ತಕರಾರು ಬಂತು. ಎಳೆ ತೆಳುವಾದಷ್ಟೂ ಲೋಹ ಪೂರ್ತಿ ಹರಿಯದೆ ರೆಕ್ಕೆಯಲ್ಲೋ ಬೆನ್ನಲ್ಲೋ ತೂತು ಉಳಿಯುವುದು ಜಾಸ್ತಿ. ಅಂಥ ಪೀಸನ್ನು ಒಡೆದು ಮತ್ತೆ ಬಟ್ಟಲಿಗೇ ಹಾಕಬಹುದು. ಹಿತ್ತಾಳೆ ವಾಪಸ್ ಸಿಗುತ್ತೆ, ಬೌದಿಯ ದಿನ ಸಿಗಲ್ಲ. ಅದಕ್ಕೆ ಕೆಟ್ಟ ಪೀಸಿನ ಕೂಲಿಯನ್ನೂ ರೇಟಿನಲ್ಲೇ ಸೇರಿಸಿದೆವು. ಮೇಲಧಿಕಾರಿಯನ್ನು ಒಪ್ಪಿಸಲು ಎರಡು ಗೂಬೆಯನ್ನು ಅವರ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟೆ. ಹೆಚ್ಚು ಮಾತು ಬೇಕಾಗಲಿಲ್ಲ.

ಒಂದೇ ಕಿರಿಕಿರಿ ಉಳಿದಿದೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಹಿತ್ತಾಳೆ ಅಂತ ಆರಿಸಿದರೆ ತೂಕದ ಕಾಲಂ ಖಾಲಿ ಬಿಡಲು ಬಿಡುವುದಿಲ್ಲ. ಪ್ರತಿ ಸಲ ಒಂದು ಅಂತ ಹಾಕಿ ಸೇವ್ ಮಾಡುತ್ತೇನೆ. ಅಕೌಂಟ್ಸ್‌ನವರು ಪ್ರತಿ ಸಲ ಫೋನ್ ಮಾಡಿ, ಮೇಡಂ, ಒಂದು ಗ್ರಾಂ ಗೂಬೆನಾ ಅಂತ ಕೇಳುತ್ತಾರೆ.