ಪಕ್ಕದ ಮನೆಯ ಅಜ್ಜಿ ಮತ್ತು ‘ದೆಸ್ಪಾಸಿತೊ’

2017ರ ಬೇಸಿಗೆಯಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿರುವ ನಮ್ಮ ಒರ್ಲ್ಯಾಂಡೊದ ಯಾವ ಅಂಗಡಿಗೆ ಹೋದರೂ ಅದೇ ಹಾಡು. ಪೆಟ್ರೋಲ್ ಬಂಕಿನಲ್ಲಿ, ಮಕ್ಕಳ ಹುಟ್ಟುಹಬ್ಬದಲ್ಲಿ, ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತ ಕಾರಿನಲ್ಲಿ ‘ದೆಸ್ಪಾಸಿತೊ’. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 16 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. 1996ರ ‘ಮಕರೇನಾ’ ಆದ ಮೇಲೆ ಸ್ಪ್ಯಾನಿಷ್ ಹಾಡೊಂದು ಆ ಜಾಗ ಕಂಡದ್ದು ಅದೇ ಮೊದಲು. ಹಾಡಿದ ಲೂಯಿಸ್ ಫೊನ್ಸಿ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಒರ್ಲ್ಯಾಂಡೊಗೆ ಬಂದು ಇಲ್ಲಿಯೇ ಶಾಲೆ ಕಲಿತವರು. ನಮ್ಮ ಬಡಾವಣೆಯವರಿಗೆ ಅವರು ಮನೆಯ ಹುಡುಗ.

ನಮ್ಮ ಪಕ್ಕದ ಮನೆಯ ಅಜ್ಜಿ ಅದೇ ದ್ವೀಪದ ಪೊನ್ಸೆ ಊರಿನವರು. ನನ್ನನ್ನು ‘ಮಿಹಾ’ ಎಂದು ಕರೆಯುತ್ತಾರೆ, ನಮ್ಮಲ್ಲಿ ‘ಮಗಳೇ’ ಎಂದ ಹಾಗೆ. ಒಂದು ಸಂಜೆ ಹಾಡಿನ ಪದದ ಅರ್ಥ ಕೇಳಿದೆ. ‘ದೆಸ್ಪಾಸಿಯೊ’ ಎಂದರೆ ನಿಧಾನ. ಬಾಲಕ್ಕೆ ‘ಇತೊ’ ಸೇರಿದರೆ ಅದಕ್ಕೆ ಮುದ್ದು ಬರುತ್ತದೆ ಎಂದರು. ನಾವು ‘ಮೆಲ್ಲಗೆ’ ಎನ್ನುವುದನ್ನು ‘ಮೆಲ್ಲಮೆಲ್ಲಗೆ’ ಮಾಡಿದ ಹಾಗೆ ಎಂದುಕೊಂಡೆ.

ರ‍್ಯಾಪ್ ಮತ್ತು ಕೆರಿಬಿಯನ್ ತಾಳ ಬೆರೆತ ರೆಗೆಟಾನ್ ಸಂಗೀತ ಅಜ್ಜಿಗೆ ಹಿಡಿಸದು. ತೊಂಬತ್ತರ ದಶಕದಲ್ಲಿ ಆ ಸಂಗೀತ ಅಶ್ಲೀಲವೆಂದು ಅಲ್ಲಿನ ಪೊಲೀಸರು ಅಂಗಡಿಗಳಿಗೆ ನುಗ್ಗಿ ಕ್ಯಾಸೆಟ್‌ಗಳನ್ನು ಹೊತ್ತೊಯ್ದಿದ್ದರು. ಆಗ ಅದು ಸರಿಯೆಂದೇ ಅವರಿಗೆ ಅನ್ನಿಸಿತ್ತಂತೆ. ಈ ಹಾಡಿನಲ್ಲಿ ಫೊನ್ಸಿಗೆ ಜೊತೆಯಾದ ರೆಗೆಟಾನ್ ಗಾಯಕ ಡ್ಯಾಡಿ ಯಾಂಕಿಯ ಭಾಗ ಬಂದರೆ ಈಗಲೂ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಆದರೆ ಮೊದಲ ಕೆಲವು ಕ್ಷಣಗಳನ್ನು ಮಾತ್ರ ಕಣ್ಣು ಮುಚ್ಚಿ ಕೇಳುತ್ತಾರೆ. ಅಲ್ಲಿ ನುಡಿಯುವುದು ಗಿಟಾರಿನಂಥ ತಂತಿವಾದ್ಯ ಕ್ವಾತ್ರೊ. ಹೆಸರಿಗೆ ‘ನಾಲ್ಕು’, ಇಂದಿನ ವಾದ್ಯಕ್ಕೆ ಇರುವುದು ಜೋಡಿ ಜೋಡಿಯಾಗಿ ಹತ್ತು ತಂತಿ. ಅಜ್ಜಿಯ ತಂದೆ ಕ್ರಿಸ್ಮಸ್ ರಾತ್ರಿಗಳಲ್ಲಿ ಅದನ್ನು ನುಡಿಸುತ್ತಾ ಮನೆಮನೆಗೆ ಹೋಗುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಅವರ ಬಲಗೈ ಹೆಬ್ಬೆರಳು ಸೀರೆ ಸೆರಗಿನಷ್ಟು ಮೆತ್ತಗಿನ ಮೇಜುಬಟ್ಟೆಯ ಮೇಲೆ ತಂತಿ ಮೀಟುತ್ತಿತ್ತು.

ಏಪ್ರಿಲ್‌ನಲ್ಲಿ ಪಾಪ್ ಗಾಯಕ ಜಸ್ಟಿನ್ ಬೀಬರ್ ದನಿ ಸೇರಿದ ಮೇಲೆಯೇ ಅಮೆರಿಕದ ರೇಡಿಯೊಗಳು ಈ ಹಾಡಿಗೆ ಮುಗಿಬಿದ್ದವು. ಆಮೇಲೆ ಅವರೇ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಸ್ಪ್ಯಾನಿಷ್ ಸಾಲುಗಳು ನೆನಪಾಗದೆ ಬಾಯಿಗೆ ಬಂದ ಸದ್ದುಗಳನ್ನು ಸೇರಿಸಿ ಹಾಡಿದ ವಿಡಿಯೊ ಹರಿದಾಡಿತು. ನಮ್ಮ ಬಡಾವಣೆಯಲ್ಲಿ ಅದು ಹಲವರನ್ನು ನೋಯಿಸಿತು. ನನಗೂ ನೋವಾಯಿತು. ಭಾಷೆಯನ್ನು ಮನೆಯಲ್ಲಿ ಜೋಪಾನ ಮಾಡುತ್ತಾ ಪರದೇಶದಲ್ಲಿ ಬದುಕುವವರಿಗೆ ಇದು ಸಣ್ಣ ಮಾತಲ್ಲ.

ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊಗೆ ಅಪ್ಪಳಿಸಿತು. ಇಡೀ ದ್ವೀಪದಲ್ಲಿ ವಿದ್ಯುತ್ ಹೋಯಿತು. ಹಾಡಿನ ವಿಡಿಯೊದಲ್ಲಿ ಜಗತ್ತೇ ನೋಡಿದ್ದ ಲಾ ಪೆರ್ಲಾ, ಸಾನ್ ಹ್ವಾನ್ ಕೋಟೆಗೋಡೆಯ ಹೊರಗೆ ಕಡಲಂಚಿಗೆ ಅಂಟಿಕೊಂಡ ಆ ಬಣ್ಣದ ಬಡಕೇರಿ, ಅದೂ ಹಾನಿಗೊಂಡಿತು. ಅಜ್ಜಿ ಪೊನ್ಸೆಯಲ್ಲಿರುವ ತಂಗಿಗೆ ದಿನವಿಡೀ ಫೋನ್ ಹಚ್ಚುತ್ತಿದ್ದರು. ಒಂಬತ್ತು ದಿನ ಉತ್ತರವಿಲ್ಲ. ಅದೇ ವಾರ, ಬೇಸಿಗೆಯುದ್ದಕ್ಕೂ ಆ ಹಾಡು ಗುನುಗಿದ್ದ ನನ್ನ ಸಹೋದ್ಯೋಗಿಯೊಬ್ಬರು, ‘ಅಲ್ಲಿಯವರು ಇಲ್ಲಿಗೆ ಬರಲು ವೀಸಾ ಬೇಕಲ್ಲವೇ?’ ಎಂದು ಕೇಳಿದರು. ಅವರು 1917ರಿಂದಲೂ ಅಮೆರಿಕದ ಪ್ರಜೆಗಳು ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಸತ್ತವರು 64 ಮಂದಿ ಎಂಬ ಸರ್ಕಾರಿ ಲೆಕ್ಕ 2,975ಕ್ಕೆ ಬದಲಾಗಲು ಮುಂದಿನ ಆಗಸ್ಟ್ ಬರಬೇಕಾಯಿತು.

ಅಕ್ಟೋಬರ್‌ನಲ್ಲಿ ಒರ್ಲ್ಯಾಂಡೊ ವಿಮಾನ ನಿಲ್ದಾಣದಲ್ಲಿ, ದ್ವೀಪದಿಂದ ಬಂದಿಳಿಯುವವರಿಗಾಗಿ ನೆರವು ಕೇಂದ್ರ ತೆರೆದರು. ಡಿಸೆಂಬರ್‌ನಲ್ಲಿ ಅಜ್ಜಿಯ ತಂಗಿಯೂ ಬಂದರು, ಒಂದೇ ಪೆಟ್ಟಿಗೆಯೊಂದಿಗೆ. ಕಾರಿನಿಂದ ಅದನ್ನು ಇಳಿಸಿಕೊಟ್ಟವಳು ನಾನು. ಮಂಡಿನೋವಿನ ತಂಗಿ ನಮ್ಮ ಕಟ್ಟಡದ ಮೆಟ್ಟಿಲ ಮುಂದೆ ನಿಂತುಬಿಟ್ಟರು. ಅಜ್ಜಿ ಅವರ ಮೊಣಕೈ ಹಿಡಿದು, ಒಂದೊಂದು ಮೆಟ್ಟಿಲಿಗೂ ‘ದೆಸ್ಪಾಸಿತೊ, ದೆಸ್ಪಾಸಿತೊ’ ಎನ್ನುತ್ತಾ ಮೇಲಕ್ಕೆ ಕರೆದೊಯ್ದರು.