ಆನ್‌ಲೈನ್ ಸ್ಟೋರ್ ಹಾಕುವಾಗ 777 ಕೊಡುವ ಮುಂಚೆ

ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್ ಆದ ಓಪನ್‌ಕಾರ್ಟನ್ನು ಇನ್‌ಸ್ಟಾಲ್ ಮಾಡುವಾಗ ಶುರುವಿನಲ್ಲೇ ಒಂದು ತಪಾಸಣೆಯ ಪುಟ ಬರುತ್ತದೆ. ಪಿಎಚ್‌ಪಿ (ಸ್ಟೋರ್‌ನ ಕೋಡ್ ಬರೆದಿರುವ ಭಾಷೆ) ವರ್ಷನ್ ಯಾವುದು, ಅದರ ಜೊತೆ ಬೇಕಾದ ಕರ್ಲ್, ಜಿಡಿ, ಜಿಪ್ ಎಲ್ಲಾ ಇವೆಯಾ, ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್‌ಗೆ ಬರೆಯಲು ಆಗುತ್ತದಾ ಅಂತ ಒಂದೊಂದೇ ನೋಡಿ ಹಸಿರು ಅಥವಾ ಕೆಂಪು ಗುರುತು ಹಾಕುತ್ತದೆ. ಈ ಕೊನೆಯದರ ಮುಂದೆ ಕೆಂಪು ಕಂಡ ಕೂಡಲೇ ನಮ್ಮ ಹುಡುಗರ ಕೈ ತಾನಾಗಿಯೇ ಒಂದು ಕಮಾಂಡ್ ಹೊಡೆಯಲು ಹೋಗುತ್ತದೆ: ಸಿಎಚ್‌ಮಾಡ್ ಮೈನಸ್ ಆರ್ 777, ಅಂದರೆ ಫೋಲ್ಡರ್ ಒಳಗಿನ ಎಲ್ಲದಕ್ಕೂ ಎಲ್ಲರಿಗೂ ಪೂರ್ತಿ ಅನುಮತಿ. ಕೆಂಪು ಹಸಿರಾಗುತ್ತದೆ, ಕೆಲಸ ಮುಂದಕ್ಕೆ ಹೋಗುತ್ತದೆ, ಆಮೇಲೆ ಅದನ್ನು ವಾಪಸ್ ಸರಿ ಮಾಡುವವರು ಯಾರೂ ಇರುವುದಿಲ್ಲ. ಆ ಒಂದು ಕಮಾಂಡ್ ಬಗ್ಗೆಯೇ ಇವತ್ತು ಬರೆಯಬೇಕು ಅನ್ನಿಸಿತು.

ದಾವಣಗೆರೆಯಲ್ಲಿ ಕೂತು ಸುತ್ತಮುತ್ತಲಿನ ಅಂಗಡಿಗಳಿಗೆ ಆನ್‌ಲೈನ್ ಸ್ಟೋರ್ ಹಾಕಿಕೊಡುವುದು ನನ್ನ ಕೆಲಸ. ಚೌಕಿಪೇಟೆಯ ಬಟ್ಟೆ ವ್ಯಾಪಾರಿಗಳು, ಮೊಳಕಾಲ್ಮೂರು ಸೀರೆ ಮಾರುವವರು, ಚಳ್ಳಕೆರೆ ಕಡೆಯ ಕಂಬಳಿಯವರು ಬರುತ್ತಾರೆ. ಇವರಿಗೆ ತಿಂಗಳು ತಿಂಗಳು ದೊಡ್ಡ ಬಾಡಿಗೆ ಕಟ್ಟುವ ಸ್ಟೋರ್ ಬೇಡ. ಒಂದು ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್), ಅದರ ಮೇಲೆ ಉಬುಂಟು ಎಂಬ ಲಿನಕ್ಸ್, ಮಾರಿಯಾಡಿಬಿ ಎಂಬ ಡೇಟಾಬೇಸ್, ಪಿಎಚ್‌ಪಿ, ಅದರ ಮೇಲೆ ಓಪನ್‌ಕಾರ್ಟ್ ಅಥವಾ ಅದರಂಥದೇ ಪ್ರೆಸ್ಟಾಶಾಪ್ ಇದ್ದರೆ ಸಾಕು. ಸಾಫ್ಟ್‌ವೇರ್‌ಗೆ ದುಡ್ಡಿಲ್ಲ. ಆದರೆ ಸರ್ವರ್ ನೋಡಿಕೊಳ್ಳುವ ಜವಾಬ್ದಾರಿ ಪೂರ್ತಿ ನಮ್ಮ ಮೇಲೆ.

ಬೇರೆಯವರು ಹಾಕಿದ್ದ ಒಂದು ಸ್ಟೋರ್ ನಮ್ಮ ಕೈಗೆ ಬಂತು. ಅಂಗಡಿ ಹೆಸರು ಗೂಗಲ್‌ನಲ್ಲಿ ಹುಡುಕಿದರೆ ಸೀರೆ ಬದಲು ಏನೇನೋ ಮಾತ್ರೆಗಳ ಜಾಹೀರಾತು ಬರುತ್ತಿತ್ತು. ಒಳಗೆ ಹೋಗಿ, ಫೈಲ್‌ಗಳ ಅನುಮತಿ ತೋರಿಸುವ ಎಲ್‌ಎಸ್ ಮೈನಸ್ ಎಲ್ ಹೊಡೆದು ನೋಡಿದರೆ ಪ್ರತಿ ಸಾಲಿನಲ್ಲೂ ಅದೇ ಅಕ್ಷರಗಳು: ಆರ್‌ಡಬ್ಲ್ಯೂಎಕ್ಸ್ ಆರ್‌ಡಬ್ಲ್ಯೂಎಕ್ಸ್ ಆರ್‌ಡಬ್ಲ್ಯೂಎಕ್ಸ್, ಅಂದರೆ 777. ಫೋಟೋ ಫೋಲ್ಡರ್‌ನಲ್ಲಿ ಸೀರೆ ಫೋಟೋಗಳ ಮಧ್ಯೆ, ಫೋಟೋದ ಹಾಗೆಯೇ ಹೆಸರಿಟ್ಟುಕೊಂಡು, ಕೊನೆಗೆ ಮಾತ್ರ ಡಾಟ್ ಪಿಎಚ್‌ಪಿ ಅಂತ ಇದ್ದ ಒಂದು ಫೈಲ್ ಕೂತಿತ್ತು. ಅದು ಫೋಟೋ ಅಲ್ಲ, ನುಗ್ಗಿದವರು ಇಟ್ಟ ಪ್ರೋಗ್ರಾಂ. ಅದೇ ಸರ್ವರ್‌ನಲ್ಲಿ ಇನ್ನೂ ಬೇರೆ ಅಂಗಡಿಗಳ ಸೈಟ್‌ಗಳಿದ್ದವು, ಎಲ್ಲವೂ ಒಬ್ಬನೇ ಯೂಸರ್ ಹೆಸರಿನಲ್ಲಿ. ಹಾಗಾಗಿ ಒಂದಕ್ಕೆ ನುಗ್ಗಿದ್ದು ಎಲ್ಲಕ್ಕೂ ನುಗ್ಗಿತ್ತು. ಪಾಪ, ಸೀರೆ ಅಂಗಡಿಯವರು ಏನೂ ತಪ್ಪು ಮಾಡಿರಲಿಲ್ಲ.

777 ಅಂದರೆ ಏನು ಅಂತ ಒಮ್ಮೆ ಬಿಡಿಸಿ ನೋಡಿ. ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಮೂರೂ ಕೂಡಿದರೆ 7. ಮೊದಲ ಅಂಕಿ ಫೈಲ್‌ನ ಒಡೆಯನದು, ಎರಡನೆಯದು ಗುಂಪಿನದು, ಮೂರನೆಯದು ಉಳಿದವರೆಲ್ಲರದು. ಫೋಲ್ಡರ್ ಆದರೆ ಆ 1ಕ್ಕೆ ಅರ್ಥ ಬೇರೆ, ಒಳಗೆ ಹೋಗಲು ಅನುಮತಿ. ಮಂಡಿಪೇಟೆಯಲ್ಲಿ ಗೋಡೌನ್ ಇಟ್ಟುಕೊಂಡವರು ಬೀಗದ ಕೈಯನ್ನು ಮಗನಿಗೆ ಕೊಡುತ್ತಾರೆ, ನಂಬಿಕೆಯ ಗುಮಾಸ್ತರಿಗೆ ಕೊಡುತ್ತಾರೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕೊಡುವುದಿಲ್ಲ ಅಲ್ವಾ? ಕೊನೆಯ 7 ಮಾತ್ರ ಅವರಿಗೆಲ್ಲ ಕೊಟ್ಟುಬಿಡುತ್ತದೆ.

ಕೆಂಪು ಗುರುತು ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ. ಈ ಫೈಲ್ ಯಾರದು, ಪಿಎಚ್‌ಪಿ ಯಾರ ಹೆಸರಿನಲ್ಲಿ ಓಡುತ್ತಿದೆ? ನೀವು ಎಸ್‌ಎಫ್‌ಟಿಪಿಯಲ್ಲಿ (ಸರ್ವರ್‌ಗೆ ಫೈಲ್ ಕಳಿಸುವ ದಾರಿ) ನಿಮ್ಮ ಲಾಗಿನ್‌ನಿಂದ ಫೈಲ್ ಏರಿಸಿದರೆ ಅದರ ಒಡೆಯ ನೀವು. ಉಬುಂಟುನಲ್ಲಿ ಅಪಾಚೆ, ಎಂಜಿನ್ಎಕ್ಸ್ ಎಂಬ ವೆಬ್ ಸರ್ವರ್‌ಗಳು, ಪಿಎಚ್‌ಪಿ ಎಲ್ಲವೂ ಸಾಮಾನ್ಯವಾಗಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಎಂಬ ಯೂಸರ್ ಹೆಸರಿನಲ್ಲಿ ಓಡುತ್ತವೆ. ಅವನಿಗೆ ನಿಮ್ಮ ಫೈಲ್ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಇಷ್ಟೇ ಜಗಳ. ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಎಂಬ ಅಂಗಡಿ ಪ್ಲಗಿನ್ ಹಾಕುವವರಿಗೆ ಇದೇ ಸಮಸ್ಯೆ ಬೇರೆ ವೇಷದಲ್ಲಿ ಬರುತ್ತದೆ: ಪ್ಲಗಿನ್ ಹಾಕಲು ಹೋದರೆ ಎಫ್‌ಟಿಪಿ ಪಾಸ್‌ವರ್ಡ್ ಕೇಳುತ್ತದೆ. ಅಲ್ಲೂ ಒಡೆಯ ಬೇರೆ, ಓಡಿಸುವವನು ಬೇರೆ ಆಗಿರುತ್ತಾನೆ.

ಹಾಗಾದರೆ ಎಲ್ಲವನ್ನೂ ಸಿಎಚ್‌ಓನ್ (ಒಡೆಯನನ್ನು ಬದಲಿಸುವ ಕಮಾಂಡ್) ಮಾಡಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾಗೆ ಕೊಟ್ಟುಬಿಟ್ಟರೆ? 777ಗಿಂತ ವಾಸಿ, ಆದರೆ ಅರ್ಧ ಪರಿಹಾರ. ಸ್ಟೋರ್‌ನ ಕೋಡ್‌ಗೆ ಪಿಎಚ್‌ಪಿಯೇ ಒಡೆಯ ಆದರೆ, ಎಲ್ಲಿಂದಲೋ ತಂದು ಹಾಕಿದ ಒಂದು ಎಕ್ಸ್‌ಟೆನ್ಷನ್‌ನಲ್ಲಿ (ಸ್ಟೋರ್‌ಗೆ ಸೇರಿಸುವ ಹೆಚ್ಚುವರಿ ಕೋಡ್) ತೂತಿದ್ದರೂ ಸಾಕು, ನುಗ್ಗಿದವನು ಆ ತೂತಿನಿಂದಲೇ ಮೂಲ ಕೋಡನ್ನೇ ತಿದ್ದಬಹುದು. ಅದಕ್ಕೇ ನಾನು ಮಾಡುವುದು ಹೀಗೆ. ಪ್ರತಿ ಅಂಗಡಿಗೂ ಸರ್ವರ್‌ನಲ್ಲಿ ಒಬ್ಬ ಯೂಸರ್, ಆ ಹೆಸರಿನಲ್ಲಿ ಒಂದು ಪಿಎಚ್‌ಪಿ-ಎಫ್‌ಪಿಎಂ ಪೂಲ್, ಅಂದರೆ ಆ ಅಂಗಡಿಯ ಪಿಎಚ್‌ಪಿ ಆ ಯೂಸರ್ ಹೆಸರಿನಲ್ಲೇ ಓಡುತ್ತದೆ. ಕೋಡ್‌ನ ಒಡೆಯ ನಮ್ಮ ಬೇರೆ ಲಾಗಿನ್, ಗುಂಪು ಮಾತ್ರ ಅಂಗಡಿಯದು. ಫೋಲ್ಡರ್‌ಗೆ 755, ಫೈಲ್‌ಗೆ 644: ಬರೆಯುವುದು ಒಡೆಯ ಮಾತ್ರ, ಉಳಿದವರು ಓದಬಹುದು ಅಷ್ಟೇ. ಇಮೇಜ್ ಮತ್ತು ಸ್ಟೋರೇಜ್ (ಲಾಗ್, ಕ್ಯಾಶ್ ಇರುವ) ಫೋಲ್ಡರ್‌ಗಳನ್ನು ಮಾತ್ರ ಅಂಗಡಿಯ ಯೂಸರ್‌ಗೆ ಬಿಟ್ಟುಕೊಡುತ್ತೇನೆ. ಕಾನ್ಫಿಗ್ ಫೈಲ್ ಎರಡಿವೆ, ಒಂದು ಮುಂದಿನ ಅಂಗಡಿಗೆ, ಒಂದು ಅಡ್ಮಿನ್‌ಗೆ. ಎರಡರಲ್ಲೂ ಡೇಟಾಬೇಸ್ ಪಾಸ್‌ವರ್ಡ್ ಯಾರು ಬೇಕಾದರೂ ಓದುವ ಹಾಗೆ ನೇರವಾಗಿ ಬರೆದಿರುತ್ತದೆ. ಇನ್‌ಸ್ಟಾಲ್ ಆಗುವಾಗ ಅವಕ್ಕೆ 660 ಕೊಡುತ್ತೇನೆ, ಮುಗಿದ ಕೂಡಲೇ 640ಕ್ಕೆ ಇಳಿಸುತ್ತೇನೆ, ಆಮೇಲೆ ಅಂಗಡಿಯ ಗುಂಪು ಅವನ್ನು ಓದಬಹುದು, ಬರೆಯಲಾಗದು.

ಇದರಲ್ಲಿ ಒಂದು ಕಷ್ಟ ಇದೆ. ಓಪನ್‌ಕಾರ್ಟ್ 4ರಲ್ಲಿ ಅಡ್ಮಿನ್ ಒಳಗಿಂದ ಎಕ್ಸ್‌ಟೆನ್ಷನ್ ಹಾಕಿದರೆ ಅದು ಎಕ್ಸ್‌ಟೆನ್ಷನ್ ಫೋಲ್ಡರ್‌ಗೆ ಬರೆಯಬೇಕು. ಅದು ಮುಚ್ಚಿದ್ದರೆ ಹತ್ತುವುದಿಲ್ಲ. ಹಾಕುವ ಹೊತ್ತಿಗೆ ತೆರೆದು ಆಮೇಲೆ ಮುಚ್ಚಬೇಕು. ಅಂಗಡಿಯವರಿಗೆ ಇದು ಕಿರಿಕಿರಿ, ನಮಗೂ ಫೋನ್ ಜಾಸ್ತಿ ಬರುತ್ತದೆ. ಆದರೂ ನಾನು ಬಿಟ್ಟುಕೊಡುವುದಿಲ್ಲ, ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲಾ ಅಲ್ಲಿರುತ್ತವೆ.

ಕೆಲವು ಕಡೆ 777 ಕೊಟ್ಟರೂ ಕೆಲಸ ಆಗುವುದಿಲ್ಲ, ಇದನ್ನೂ ತಿಳಿದಿರಬೇಕು. ಅಲ್ಮಾಲಿನಕ್ಸ್, ರಾಕಿ ಲಿನಕ್ಸ್‌ನಂಥ ಬೇರೆ ಲಿನಕ್ಸ್‌ಗಳಲ್ಲಿ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಕಾವಲು ಆನ್ ಆಗಿರುತ್ತದೆ. ಫೈಲ್‌ಗೆ ಅಂಟಿಸಿರುವ ಲೇಬಲ್ ವೆಬ್ ಸರ್ವರ್‌ಗೆ ಬರೆಯಲು ಬಿಡುವ ಲೇಬಲ್ ಆಗಿರದಿದ್ದರೆ ಅನುಮತಿ ಎಷ್ಟೇ ಕೊಡಿ, ಬರೆಯಲು ಬಿಡುವುದಿಲ್ಲ. ಆಗ ಜನ ಎಸ್‌ಇಲಿನಕ್ಸನ್ನೇ ಆಫ್ ಮಾಡಿ ಕೂರುತ್ತಾರೆ! ಇನ್ನು ಉಬುಂಟು 21.04ರಿಂದ ಹೊಸ ಯೂಸರ್‌ನ ಹೋಮ್ ಫೋಲ್ಡರ್‌ಗೆ 750 ಇರುತ್ತದೆ, ಮುಂಚೆ 755 ಇತ್ತು. ಸೈಟನ್ನು ಹೋಮ್ ಒಳಗೆ ಇಟ್ಟರೆ ಒಳಗಿನ ಫೋಲ್ಡರ್‌ಗಳು ಎಷ್ಟೇ ಸರಿ ಇದ್ದರೂ ವೆಬ್ ಸರ್ವರ್ ಬಾಗಿಲಲ್ಲೇ ನಿಲ್ಲುತ್ತದೆ, 403 (ಅನುಮತಿ ಇಲ್ಲ ಎಂಬ ಎರರ್) ಬರುತ್ತದೆ. ಹಳೇ ಪಾಠ ನೋಡಿ ಹೋಮ್ ಫೋಲ್ಡರ್‌ಗೇ 777 ಕೊಟ್ಟರೆ ಇನ್ನೊಂದು ಅನಾಹುತ: ಹೋಮ್‌ಗೆ ಬೇರೆಯವರೂ ಬರೆಯಬಹುದು ಅಂತಾದರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್, ಪಾಸ್‌ವರ್ಡ್ ಬದಲು ಕೊಡುವ ನಿಮ್ಮ ಕೀ ಫೈಲ್ ಒಪ್ಪುವುದಿಲ್ಲ. ಪಾಸ್‌ವರ್ಡ್ ಲಾಗಿನ್ ಮುಚ್ಚಿಟ್ಟಿದ್ದರೆ ನಿಮ್ಮ ಸರ್ವರ್‌ಗೆ ನೀವೇ ಹೊರಗಿನವರು. ಇಂಥ ಕಡೆ ನೇಮ್‌ಐ ಎಂಬ ಕಮಾಂಡ್‌ಗೆ ಮೈನಸ್ ಎಲ್ ಮತ್ತು ಫೈಲ್‌ನ ಪೂರ್ತಿ ದಾರಿ ಕೊಟ್ಟರೆ ಮೇಲಿನಿಂದ ಕೆಳಗಿನವರೆಗೆ ಪ್ರತಿ ಮೆಟ್ಟಿಲಿನ ಒಡೆಯ, ಅನುಮತಿ ಎಲ್ಲಾ ಸಾಲಾಗಿ ತೋರಿಸುತ್ತದೆ. ಎಲ್ಲಿ ತಡೆ ಇದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಅನುಮತಿಗೆ ಸಂಬಂಧವೇ ಇಲ್ಲದ ಕಡೆಯೂ 777 ಹೊಡೆಯುವ ಚಟ ಇದೆ. ಚಳ್ಳಕೆರೆಯ ಕಂಬಳಿ ಅಂಗಡಿಯ ಹಿರಿಯರು ಫೋನ್ ಮಾಡಿದರು. “ತಮ್ಮಾ, ವಾಟ್ಸಾಪ್‌ನಾಗೆ ಬಂದ ಫೋಟೋ ಹತ್ತುತ್ತೆ, ನನ್ ಫೋನಿಂದ ತೆಗೆದದ್ದು ಹತ್ತಂಗಿಲ್ಲ. ಏನಾಗೈತಿ ನೋಡಪ್ಪ.” ನಮ್ಮ ಹುಡುಗ ಪಕ್ಕದಲ್ಲೇ ಇದ್ದ. “ಸರ್, ಇಮೇಜ್ ಫೋಲ್ಡರ್‌ಗೆ 777 ಕೊಟ್ಟು ನೋಡ್ಲಾ?” ಅಂದ. “ಬೇಡ, ಅವರು ಹೇಳಿದ್ದನ್ನ ಇನ್ನೊಂದ್ ಸಲ ಯೋಚನೆ ಮಾಡು” ಅಂದೆ. ಒಂದು ಫೋಟೋ ಹತ್ತುತ್ತದೆ ಅಂದರೆ ಬರೆಯುವ ಅನುಮತಿ ಇದೆ ಅಂತಲೇ ಅರ್ಥ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಕ್ಯಾಮೆರಾದ ಮೂಲ ಫೋಟೋ ಎಷ್ಟೋ ಎಂಬಿ ಇರುತ್ತದೆ. ಪಿಎಚ್‌ಪಿಯಲ್ಲಿ ಅಪ್‌ಲೋಡ್ ಮಿತಿ ಮೊದಲಿಗೆ 2 ಎಂಬಿ, ಎಂಜಿನ್ಎಕ್ಸ್‌ನಲ್ಲಿ 1 ಎಂಬಿ. ಎಂಜಿನ್ಎಕ್ಸ್ ಎರರ್ ಲಾಗ್ ತೆಗೆದು ನೋಡಿದ ಹುಡುಗ, ಕಳಿಸಿದ್ದು ಮಿತಿ ಮೀರಿದೆ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ.

ಎರಡೂ ಕಡೆ ಮಿತಿ ಏರಿಸಬೇಕು. ಪಿಎಚ್‌ಪಿಯ ಸೆಟ್ಟಿಂಗ್ ಇರುವ ಇನಿ ಫೈಲ್ ತಿದ್ದುವಾಗ ಎಫ್‌ಪಿಎಂ ಫೋಲ್ಡರ್‌ನಲ್ಲಿರುವುದನ್ನೇ ತಿದ್ದಿ. ಸಿಎಲ್‌ಐ ಅಂತ ಇನ್ನೊಂದು ಫೋಲ್ಡರ್‌ನಲ್ಲೂ ಅದೇ ಹೆಸರಿನ ಫೈಲ್ ಇರುತ್ತದೆ, ಅದು ಕಮಾಂಡ್ ಹೊಡೆದು ಓಡಿಸುವ ಪಿಎಚ್‌ಪಿಗೆ, ಅದನ್ನು ತಿದ್ದಿದರೆ ವೆಬ್‌ಸೈಟ್‌ಗೆ ಏನೂ ಆಗುವುದಿಲ್ಲ. ತಿದ್ದಿದ ಮೇಲೆ ಎಫ್‌ಪಿಎಂ ರೀಸ್ಟಾರ್ಟ್ ಮಾಡಿ, ಎಂಜಿನ್ಎಕ್ಸ್ ರೀಲೋಡ್ ಮಾಡಿ.

ಉಳಿದವು ಬೇಗ ಹೇಳಿಬಿಡುತ್ತೇನೆ. ಇನ್‌ಸ್ಟಾಲ್ ಫೋಲ್ಡರ್ ಅಳಿಸಿ. ಅಡ್ಮಿನ್ ಫೋಲ್ಡರ್‌ನ ಹೆಸರು ಬದಲಿಸಿ. ಸ್ಟೋರೇಜ್ ಫೋಲ್ಡರನ್ನು ವೆಬ್ ಫೋಲ್ಡರ್‌ನಿಂದ ಹೊರಗೆ ಸಾಗಿಸಿ, ಅಡ್ಮಿನ್‌ಗೆ ಮೊದಲ ಸಲ ಹೋದಾಗ ಓಪನ್‌ಕಾರ್ಟೇ ಅದನ್ನು ಕೇಳುತ್ತದೆ, ಆಮೇಲೆ ಮಾಡೋಣ ಅಂತ ಮುಚ್ಚಬೇಡಿ. ಡೇಟಾಬೇಸ್ ಮಾಡುವಾಗಲೇ ಎಲ್ಲ ಭಾಷೆಯ ಅಕ್ಷರ ಹಿಡಿಯುವ ಯುಟಿಎಫ್8ಎಂಬಿ4 ಕೊಡಿ, ಇಲ್ಲದಿದ್ದರೆ ಕನ್ನಡದಲ್ಲಿ ಬರೆದ ಸೀರೆ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆ ಆಗಿ ಕೂರುವ ಸಾಧ್ಯತೆ ಇದೆ.

ಇಮೇಜ್ ಫೋಲ್ಡರ್ ವಿಷಯ ಮಾತ್ರ ಬಿಡುವಂತಿಲ್ಲ. ಅದು ಬರೆಯಲು ತೆರೆದೇ ಇರಬೇಕು, ಬೇರೆ ದಾರಿ ಇಲ್ಲ. ಅದಕ್ಕೇ ಆ ಫೋಲ್ಡರ್ ಒಳಗಿನ ಪಿಎಚ್‌ಪಿ ಫೈಲ್ ಓಡಿಸಬೇಡ ಅಂತ ವೆಬ್ ಸರ್ವರ್‌ಗೆ ಒಂದು ನಿಯಮ ಬರೆದಿಡಬೇಕು. ಸೀರೆ ಅಂಗಡಿಯ ಸರ್ವರ್‌ನಲ್ಲಿ ಈ ನಿಯಮ ಇದ್ದಿದ್ದರೆ ಆ ಫೈಲ್ ಅಲ್ಲಿ ಬಂದು ಕೂತರೂ ಸುಮ್ನೆ ಬಿದ್ದಿರುತ್ತಿತ್ತು, ಏನೂ ಮಾಡಲು ಆಗುತ್ತಿರಲಿಲ್ಲ. ಆ ಸರ್ವರನ್ನು ನಾವು ತೊಳೆಯಲು ಹೋಗಲಿಲ್ಲ, ಏನೆಲ್ಲ ತಿದ್ದಿದ್ದಾರೆ ಅಂತ ನಂಬುವುದು ಹೇಗೆ? ಹೊಸ ಸರ್ವರ್ ತೆಗೆದುಕೊಂಡು, ಹೊಸ ಕೋಡ್ ಇಳಿಸಿ, ಡೇಟಾಬೇಸ್‌ನಲ್ಲಿ ಗೊತ್ತಿಲ್ಲದ ಅಡ್ಮಿನ್ ಯೂಸರ್ ಇದ್ದಾರಾ ಅಂತ ನೋಡಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಫೋಟೋಗಳನ್ನು ಮಾತ್ರ ಪರೀಕ್ಷೆ ಮಾಡಿ ತಂದೆವು.

ನಿಮ್ಮ ಸರ್ವರ್ ಹೇಗಿದೆ ಅಂತ ನೋಡುವುದಕ್ಕೆ ಹೆಚ್ಚು ಹೊತ್ತು ಬೇಡ. ವೆಬ್ ಫೋಲ್ಡರ್‌ಗೆ ಹೋಗಿ ಫೈಂಡ್ ಕಮಾಂಡ್‌ನ ಪರ್ಮ್ ಆಯ್ಕೆಗೆ ಮೈನಸ್ 002 ಕೊಟ್ಟು ಹುಡುಕಿ, ಯಾರು ಬೇಕಾದರೂ ಬರೆಯಬಹುದಾದ ಫೈಲ್, ಫೋಲ್ಡರ್‌ಗಳ ಪಟ್ಟಿ ಬರುತ್ತದೆ. ಸಿಂಬಾಲಿಕ್ ಲಿಂಕ್‌ಗಳೂ (ಬೇರೆ ಫೈಲ್‌ಗೆ ದಾರಿ ತೋರಿಸುವ ಗುರುತುಗಳು) ಅದರಲ್ಲಿ ಕಾಣುತ್ತವೆ, ಅವುಗಳಿಗೆ ತಲೆಕೆಡಿಸಿಕೊಳ್ಳಬೇಡಿ. ಆಮೇಲೆ ಇಮೇಜ್ ಫೋಲ್ಡರ್‌ನಲ್ಲಿ ಡಾಟ್ ಪಿಎಚ್‌ಪಿ ಅಂತ ಮುಗಿಯುವ ಹೆಸರು ಏನಾದರೂ ಇದೆಯಾ ಹುಡುಕಿ. ಸಿಕ್ಕರೆ ಆತುರಪಟ್ಟು ಅಳಿಸಬೇಡಿ. ಅದರ ತಾರೀಖು, ಒಡೆಯ ಯಾರು ಅಂತ ಮೊದಲು ಬರೆದಿಟ್ಟುಕೊಳ್ಳಿ, ಆ ಹೊತ್ತಿನ ಆಕ್ಸೆಸ್ ಲಾಗ್ (ಸೈಟ್‌ಗೆ ಬಂದವರ ದಾಖಲೆ) ತೆಗೆದು ನೋಡಿದರೆ ಯಾವ ದಾರಿಯಿಂದ ಬಂದರು ಅನ್ನುವುದು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.