ಹುಣ್ಣಿಮೆ ಕಳೆದ ಗುರುವಾರ

2024ರ ಅಕ್ಟೋಬರ್ 17. ಆಶ್ವಯುಜ ಹುಣ್ಣಿಮೆ, ಅದೂ ಗುರುವಾರ. "ಇವತ್ತೇ ಹಾಸನಾಂಬೆ ಬಾಗಿಲು ತೆಗೀತಾರಾ?" ಅಂತ ಮಗಳು ಕೇಳಿದಳು. ಹಾಸನದ ಈ ದೇವಿಯ ಗುಡಿ ತೆರೆಯುವುದು ವರ್ಷಕ್ಕೊಮ್ಮೆ ಮಾತ್ರ, ಕೆಲವೇ ದಿನ. ಮೊಳೆಗೆ ನೇತು ಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗವನ್ನು ಅಮ್ಮ ಕೈಗೆತ್ತಿಕೊಂಡರು. "ಇಲ್ಲ ಕಣೇ, ಹುಣ್ಣಿಮೆ ಕಳೀಬೇಕು. ಆಮೇಲೆ ಬರೋ ಗುರುವಾರ. ಇನ್ನೂ ಒಂದು ವಾರ ಇದೆ."

ಆ ಸಂಜೆ ಐದರ ಹೊತ್ತಿಗೇ ಹುಣ್ಣಿಮೆ ತಿಥಿ ಮುಗಿದಿತ್ತು. ಆದರೆ ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೋ ಸಾಮಾನ್ಯವಾಗಿ ಆ ದಿನಕ್ಕೆ ಅದೇ ಹೆಸರು. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಅವನ ನಡಿಗೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ಒಂದು ತಿಥಿ 19 ಗಂಟೆಗೇ ಮುಗಿದರೆ ಇನ್ನೊಂದು 26 ಗಂಟೆಯವರೆಗೂ ಎಳೆಯುತ್ತದೆ. ವಾರ ಹಾಗಲ್ಲ, ಸೂರ್ಯೋದಯದಿಂದ ಸೂರ್ಯೋದಯಕ್ಕೆ ಅದರ ಲೆಕ್ಕ. ನಮ್ಮ ತಾಯಿ ಹಾಸನಾಂಬೆ ಈ ಎರಡೂ ಕೂಡಿ ಬರುವವರೆಗೆ ಕಾಯಿಸುತ್ತಾಳೆ.

ಅದಕ್ಕೇ ಪ್ರತಿ ವರ್ಷ ತಾರೀಖು ಬೇರೆ. 2023ರಲ್ಲಿ ಅಧಿಕ ಶ್ರಾವಣ ಎಂಬ ಹೆಚ್ಚಿನ ತಿಂಗಳು ಬಂದು ಆಮೇಲಿನ ಹಬ್ಬಗಳೆಲ್ಲ ತಡವಾದವು, ಬಾಗಿಲು ತೆರೆದದ್ದು ನವೆಂಬರ್ 2ಕ್ಕೆ. ಮುಚ್ಚುವುದು ಬಲಿಪಾಡ್ಯಮಿ ಕಳೆದ ಮೇಲೆ. ಹಾಗಾಗಿ ದರ್ಶನದ ದಿನಗಳೂ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಮ್ಮಿ.

2024ರಲ್ಲಿ ಅಕ್ಟೋಬರ್ 24ರ ಗುರುವಾರ ಮಧ್ಯಾಹ್ನ ಹನ್ನೆರಡರ ಆಸುಪಾಸಿನಲ್ಲಿ ಬಾಗಿಲು ತೆರೆಯಿತು. ಅಭಿಜಿನ್ ಮುಹೂರ್ತದ, ಅಂದರೆ ನಡುಮಧ್ಯಾಹ್ನದ ಶುಭ ಗಳಿಗೆಯ ಹೊತ್ತು ಅದು. ಗುರುವಾರದ ರಾಹುಕಾಲ ಶುರುವಾಗುವುದು ಒಂದೂವರೆಗೆ. ಅರಸು ಮನೆತನದವರು ಬಾಳೆಕಂದು ಕಡಿಯುತ್ತಾರೆ, ಆಮೇಲೆ ಬಾಗಿಲು. ನಾವು ಹೋದದ್ದು ಎರಡು ದಿನ ಬಿಟ್ಟು. ಸಾಲಿನಲ್ಲಿ ಗಂಟೆಗಟ್ಟಲೆ ನಿಂತೆವು. ಅಮ್ಮನಿಗೆ ಮಂಡಿ ನೋವು. ಕೂರಿ ಎಂದರೂ ಕೂರಲಿಲ್ಲ. ಒಳಗೆ ಹುತ್ತದ ರೂಪದ ದೇವಿ, ಮೈತುಂಬ ಹೂವು. ಕಂಡದ್ದು ಕೆಲವೇ ಕ್ಷಣ. ಅಷ್ಟರಲ್ಲೇ ಅಮ್ಮನ ಕಣ್ಣು ತುಂಬಿತ್ತು. ನನಗೂ ಏನೂ ಬೇಡಿಕೊಳ್ಳಲು ನೆನಪಾಗಲಿಲ್ಲ. ಸುಮ್ನೆ ಕೈ ಮುಗಿದೆ.

ಬಾಗಿಲು ಹಾಕುವಾಗ ಒಳಗೆ ದೀಪ ಹಚ್ಚಿ, ಹೂವು, ನೈವೇದ್ಯ ಇಡುತ್ತಾರೆ. ಮುಂದಿನ ವರ್ಷ ತೆರೆಯುವಾಗಲೂ ದೀಪ ಉರಿಯುತ್ತಿರುತ್ತದೆ ಎಂಬುದು ಹಾಸನದವರ ನಂಬಿಕೆ. ನಾನು ಅದನ್ನು ನಂಬಿಯೇ ಬೆಳೆದವಳು. ಚಳಿಗಾಲದ ಎಷ್ಟೋ ಬೆಳಗ್ಗೆ ಮನೆ ದೀಪ ಹಚ್ಚುವಾಗ, ಮುಚ್ಚಿದ ಬಾಗಿಲ ಆಚೆಗಿನ ಆ ದೀಪ ನೆನಪಾಗುತ್ತದೆ.

2025ರ ಮಾರ್ಚ್ 30, ಯುಗಾದಿ. ಹೊಸ ಪಂಚಾಂಗ ಮನೆಗೆ ಬಂತು. ಅಮ್ಮ ಪೂಜೆಗಿಟ್ಟು, ಬೇವುಬೆಲ್ಲ ಕೊಟ್ಟು, ವರ್ಷಫಲ ಓದಲು ಕೂತರು. ಮಗಳು ಪಕ್ಕಕ್ಕೆ ಬಂದು ನೇರ ಆಶ್ವಯುಜದ ಪುಟ ತೆಗೆಸಿದಳು. ಬೆರಳಿಟ್ಟು ಸಾಲು ಸಾಲಾಗಿ ಇಳಿದಳು.

"ಅಜ್ಜಿ, ಹುಣ್ಣಿಮೆ ಮಂಗಳವಾರ. ಈ ಸಲ ಎರಡೇ ದಿನ ಕಾದರೆ ಸಾಕು!"